ಬೈಬಲ್ ವಾಟ್ಸಾಪ್ ಫಾರ್ವರ್ಡಾ? ನಾಲ್ಕು ಆಕ್ಷೇಪ, ನಾಲ್ಕು ಉತ್ತರ

ಕ್ರೈಸ್ತ ಧರ್ಮದ ಬಗ್ಗೆ ಕ್ಯಾಂಪಸ್ಸಿನಲ್ಲಿ ಮಾತು ಬಂದಾಗಲೆಲ್ಲ ನಾಲ್ಕು ವಾಕ್ಯ ಕೇಳಿಬರುತ್ತವೆ. ಒಂದು: "ಬೈಬಲ್ ಅಂದ್ರೆ ವಾಟ್ಸಾಪ್ ಫಾರ್ವರ್ಡ್ ಇದ್ದ ಹಾಗೆ ಕಣೋ, ಕೈಯಿಂದ ಕೈಗೆ ಬರ್ತಾ ಬರ್ತಾ ಎಲ್ಲ ಬದಲಾಗಿ ಹೋಗಿದೆ." ಎರಡು: "ಯೇಸುವನ್ನ ದೇವರು ಮಾಡಿದ್ದು ಒಬ್ಬ ರೋಮನ್ ಚಕ್ರವರ್ತಿ, ಅದೂ ಓಟು ಹಾಕಿಸಿ." ಮೂರು: "ಯೇಸು ಒಳ್ಳೇ ಗುರು, ಅಷ್ಟು ಸಾಕು. ದೇವರು, ಪವಾಡ ಅಂತೆಲ್ಲ ಯಾಕೆ ಸೇರಿಸ್ತೀರಾ?" ನಾಲ್ಕು: "ಸತ್ತವರು ಎದ್ದು ಬರಲ್ಲ ಗುರೂ. ನೀನು ಸೈನ್ಸ್ ಓದಿದವನಲ್ವಾ?"

ನಾವು ಭಾನುವಾರ ಚರ್ಚಿಗೆ ಹೋಗುವ ಮನೆಗಳಿಂದ ಬಂದವರು. ಈ ಪ್ರಶ್ನೆಗಳನ್ನ ಮನೇಲಿ ಎತ್ತಿದ್ರೆ "ಹಾಗೆಲ್ಲ ಕೇಳಬಾರದು, ಪ್ರಾರ್ಥನೆ ಮಾಡು" ಅಂತಾರೆ. ಹಾಸ್ಟೆಲಿನಲ್ಲಿ ಎತ್ತಿದ್ರೆ ನಗ್ತಾರೆ. ಎರಡೂ ಕಡೆ ಉತ್ತರ ಮಾತ್ರ ಸಿಗಲ್ಲ. ಪಿಯುಸಿ ತನಕ ಅಪ್ಪ ಅಮ್ಮನ ಜೊತೆ ಹೋಗ್ತಿದ್ವಿ. ಇಲ್ಲಿ ಭಾನುವಾರ ಬೆಳಿಗ್ಗೆ ಎಬ್ಬಿಸೋರು ಯಾರೂ ಇಲ್ಲ. ಹೋಗೋದಾ ಬಿಡೋದಾ ಅನ್ನೋದು ನಮ್ಮ ಕೈಲೇ ಇದೆ. ನಮ್ಮ ಜೊತೆಯವರಲ್ಲಿ ಕೆಲವರು ಆಗಲೇ ಬಿಟ್ಟಿದ್ದಾರೆ. ಅವರನ್ನ ದೂರೋಕೆ ಈ ಲೇಖನ ಬರೀತಿಲ್ಲ. ಬಿಡೋದಾದ್ರೂ ಉಳಿಯೋದಾದ್ರೂ ಸರಿಯಾದ ಕಾರಣಕ್ಕೆ ಆಗಲಿ ಅನ್ನೋದಷ್ಟೇ ನಮ್ಮ ಆಸೆ. ಎರಡು ಸಾವಿರ ವರ್ಷದ ನಂಬಿಕೆಯನ್ನ ಒಂದು ಮೀಮ್ ನೋಡಿ ಬಿಡೋದು ಸರಿ ಅನ್ನಿಸಲ್ಲ. ಸಂಡೇ ಸ್ಕೂಲಿನಲ್ಲಿ ಕಲಿತ ಒಂದು ಹಾಡಿನ ಮೇಲಷ್ಟೇ ಅದನ್ನ ಉಳಿಸಿಕೊಳ್ಳೋದೂ ಕಷ್ಟ.

ಹಾಗಾಗಿ ಒಂದು ಪದ್ಧತಿ ಇಟ್ಟುಕೊಂಡಿದ್ದೀವಿ. ಪ್ರತಿ ಆಕ್ಷೇಪದಲ್ಲೂ ನಿಜ ಎಷ್ಟಿದೆ ಅಂತ ಮೊದಲು ಒಪ್ಪಿಕೊಳ್ಳೋದು. ಆಮೇಲೆ ಉತ್ತರ. ಕೊನೆಗೆ ಆ ಉತ್ತರ ಎಲ್ಲಿಯ ತನಕ ಹೋಗುತ್ತೆ, ಎಲ್ಲಿ ನಿಲ್ಲುತ್ತೆ ಅಂತ ಹೇಳೋದು.

1. ನಕಲು ಮಾಡ್ತಾ ಮಾಡ್ತಾ ಬದಲಾಗಿದೆಯಾ?

ಒಪ್ಪಬೇಕಾದ್ದು ಬಹಳ ಇದೆ. ಹೊಸ ಒಡಂಬಡಿಕೆಯ ಯಾವ ಪುಸ್ತಕದ ಮೂಲ ಪ್ರತಿಯೂ ಈಗ ಇಲ್ಲ. ಇರೋದೆಲ್ಲ ಕೈಯಲ್ಲಿ ಬರೆದ ನಕಲುಗಳು. ಗ್ರೀಕ್ ಭಾಷೆಯಲ್ಲೇ 5,000ಕ್ಕೂ ಹೆಚ್ಚು ಹಸ್ತಪ್ರತಿಗಳಿವೆ. ಕೆಲವು ಪೂರ್ತಿ, ಬಹಳಷ್ಟು ಅರೆಬರೆ. ಅವುಗಳ ನಡುವೆ ವ್ಯತ್ಯಾಸಗಳಿವೆ, ಅದೂ ಸ್ವಲ್ಪ ಅಲ್ಲ. ಅಮೆರಿಕದ ವಿದ್ವಾಂಸ ಬಾರ್ಟ್ ಅರ್ಮನ್ 2005ರ ತಮ್ಮ ಪುಸ್ತಕದಲ್ಲಿ ಕೊಟ್ಟ ಅಂದಾಜುಗಳಲ್ಲಿ ದೊಡ್ಡದು 4 ಲಕ್ಷ. ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಇರೋ ಪದಗಳೇ ಸುಮಾರು 1 ಲಕ್ಷ 38 ಸಾವಿರ. ಅಂದ್ರೆ ಪದಗಳಿಗಿಂತ ಪಾಠಾಂತರಗಳೇ ಜಾಸ್ತಿ! ಇಲ್ಲಿಗೆ ನಿಲ್ಲಿಸಿದ್ರೆ ಕಥೆ ಮುಗಿದ ಹಾಗೇ ಕಾಣುತ್ತೆ.

ಆದ್ರೆ ಈ ಗಾಬರಿ ಹೊಸದಲ್ಲ. 1707ರಲ್ಲಿ ಆಕ್ಸ್‌ಫರ್ಡಿನ ಜಾನ್ ಮಿಲ್ ಅನ್ನೋ ವಿದ್ವಾಂಸ 30 ವರ್ಷ ದುಡಿದು ಗ್ರೀಕ್ ಹೊಸ ಒಡಂಬಡಿಕೆಯ ಒಂದು ಆವೃತ್ತಿ ತಂದ. ಅದರಲ್ಲಿ ಸುಮಾರು 30,000 ಪಾಠಾಂತರಗಳನ್ನ ಪಟ್ಟಿ ಮಾಡಿದ್ದ. ಧರ್ಮವನ್ನ ಟೀಕಿಸುತ್ತಿದ್ದ ಆಂಥನಿ ಕಾಲಿನ್ಸ್ 1713ರಲ್ಲಿ ಇದನ್ನೇ ಹಿಡಿದುಕೊಂಡ. ಪಠ್ಯವೇ ಇಷ್ಟು ಅನಿಶ್ಚಿತ ಆದ್ರೆ ಅದರ ಮೇಲೆ ನಂಬಿಕೆ ಇಡೋದು ಹೇಗೆ ಅನ್ನೋದು ಅವನ ವಾದ. ಅದೇ ವರ್ಷ ಕೇಂಬ್ರಿಜಿನ ರಿಚರ್ಡ್ ಬೆಂಟ್ಲಿ ಉತ್ತರ ಕೊಟ್ಟ. ಅವನ ಮಾತಿನ ಸಾರ ಇಷ್ಟು: ಒಂದೇ ಹಸ್ತಪ್ರತಿ ಉಳಿದಿದ್ರೆ ಪಾಠಾಂತರ ಸೊನ್ನೆ ಇರ್ತಿತ್ತು, ಆದ್ರೆ ತಪ್ಪು ಎಲ್ಲಿದೆ ಅಂತ ಹುಡುಕೋಕೆ ದಾರಿಯೇ ಇರ್ತಿರಲಿಲ್ಲ. ಪ್ರತಿಗಳು ಹೆಚ್ಚಿದ ಹಾಗೆ ವ್ಯತ್ಯಾಸದ ಲೆಕ್ಕವೂ ಹೆಚ್ಚುತ್ತೆ, ಅದರ ಜೊತೆಗೇ ಮೂಲ ಯಾವುದು ಅಂತ ಗುರುತಿಸೋ ಶಕ್ತಿಯೂ ಹೆಚ್ಚುತ್ತೆ.

ನಮಗೆ ಇದು ಲ್ಯಾಬ್ ರೆಕಾರ್ಡಿನ ವಿಷಯ. ಸೀನಿಯರ್ ಒಬ್ಬರ ರೆಕಾರ್ಡನ್ನ ಹತ್ತು ಜನ ನೋಡಿ ಬರೆದರು ಅಂದುಕೊಳ್ಳಿ. ಒಬ್ಬ ಒಂದು ಸಾಲು ಬಿಟ್ಟ. ಅವನದನ್ನ ನೋಡಿ ಬರೆದ ಮೂವರಲ್ಲೂ ಅದೇ ಸಾಲು ಇಲ್ಲ. ಉಳಿದ ಆರು ಜನರಲ್ಲಿ ಇದೆ. ಸೀನಿಯರ್ ಪಾಸಾಗಿ ಹೋಗಿ, ಆ ರೆಕಾರ್ಡು ಕಳೆದುಹೋದ್ರೂ ಅದರಲ್ಲಿ ಏನಿತ್ತು, ಯಾರು ಯಾರದನ್ನ ಕಾಪಿ ಹೊಡೆದರು ಅಂತ ಮೇಷ್ಟ್ರು ಕಂಡುಹಿಡೀತಾರೆ. ಹಿಡಿದೂ ಇದ್ದಾರೆ!

ಈ ಕೆಲಸಕ್ಕೆ ಕನ್ನಡದಲ್ಲಿ ಗ್ರಂಥಸಂಪಾದನೆ ಅಂತ ಹೆಸರು. ಡಿ.ಎಲ್. ನರಸಿಂಹಾಚಾರ್ ಇದರ ಬಗ್ಗೆಯೇ ಒಂದು ದೊಡ್ಡ ಪುಸ್ತಕ ಬರೆದಿದ್ದಾರೆ. ಓಲೆಗರಿಗಳನ್ನ ಪಕ್ಕಪಕ್ಕ ಇಟ್ಟು, ಲಿಪಿಕಾರ ಎಲ್ಲಿ ಎಡವಿದ, ಯಾವ ಪದ್ಯ ಆಮೇಲೆ ಸೇರಿದ್ದು ಅಂತ ನೋಡಿಯೇ ನಮ್ಮ ಹಳಗನ್ನಡ ಕಾವ್ಯಗಳು ಅಚ್ಚಾಗಿದ್ದು. ನಿಘಂಟಿನಿಂದ ನಮಗೆಲ್ಲ ಪರಿಚಯವಾದ ಕಿಟ್ಟೆಲ್ ಬಾಸೆಲ್ ಮಿಷನ್ನಿನ ಪಾದ್ರಿ. ಅವರು 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನ ಸಂಪಾದಿಸಿ ಮಂಗಳೂರಿನಲ್ಲಿ ಪ್ರಕಟಿಸಿದರು. ಪಂಪನ ಕಾವ್ಯದ ಮೂಲ ಓಲೆಗರಿ ಇಲ್ಲ ಅಂತ ಯಾರೂ ಪಂಪನನ್ನ ಬಿಟ್ಟಿಲ್ಲ. ಬೈಬಲ್ಲಿಗೂ ಅದೇ ಅಳತೆಗೋಲು ಇರಲಿ ಅಂತ ನಾವು ಕೇಳ್ತೀವಿ.

ಆ ಅಳತೆಗೋಲಿನಲ್ಲಿ ಏನು ಸಿಗುತ್ತೆ? ಲಕ್ಷಗಟ್ಟಲೆ ಪಾಠಾಂತರಗಳಲ್ಲಿ ಬಹುಪಾಲು ಕಾಗುಣಿತದ್ದು, ಪದಗಳು ಹಿಂದುಮುಂದಾಗಿದ್ದು. ಮ್ಯಾಂಚೆಸ್ಟರಿನಲ್ಲಿ ಯೋಹಾನನ ಸುವಾರ್ತೆಯ ಒಂದು ಚೂರು ಇದೆ. ನಮ್ಮ ಐಡಿ ಕಾರ್ಡಿನಷ್ಟು ಗಾತ್ರ. ಹೆಚ್ಚಿನ ವಿದ್ವಾಂಸರು ಅದನ್ನ ಎರಡನೇ ಶತಮಾನದ್ದು ಅಂತಾರೆ. ಲೂಕ ಮತ್ತು ಯೋಹಾನನ ಸುವಾರ್ತೆಗಳಿರುವ ಇನ್ನೊಂದು ಪಪೈರಸ್ ಈಗ ವ್ಯಾಟಿಕನ್ನಿನಲ್ಲಿದೆ. ಅದಕ್ಕೆ ಸಾಮಾನ್ಯವಾಗಿ ಕ್ರಿ.ಶ. 200ರ ಆಸುಪಾಸಿನ ಕಾಲ ಹೇಳ್ತಾರೆ. ನಾಲ್ಕನೇ ಶತಮಾನದ ಕೋಡೆಕ್ಸ್ ವ್ಯಾಟಿಕಾನಸ್ ಅನ್ನೋ ಪ್ರತಿಯ ಜೊತೆ ಅದನ್ನ ಹೋಲಿಸಿದ್ರೆ ಪಠ್ಯ ಬಹಳ ಹತ್ತಿರ ಇದೆ.

ವಾಟ್ಸಾಪ್ ಹೋಲಿಕೆ ಇನ್ನೊಂದು ಕಡೆಯೂ ಸೋಲುತ್ತೆ. ಪಠ್ಯ ಒಂದೇ ಸರಪಳಿಯಲ್ಲಿ ಸಾಗಿ ಬರಲಿಲ್ಲ. ಈಜಿಪ್ಟು, ಸಿರಿಯಾ, ರೋಮ್ ಅಂತ ಕವಲೊಡೆದು, ಲ್ಯಾಟಿನ್, ಸಿರಿಯಾಕ್, ಕಾಪ್ಟಿಕ್ ಭಾಷೆಗಳಿಗೆ ಹೋಯ್ತು. ಎಲ್ಲ ಪ್ರತಿಗಳನ್ನೂ ವಾಪಸ್ ತರಿಸಿ ತಿದ್ದೋ ಅಧಿಕಾರ ಮೊದಲ ಮುನ್ನೂರು ವರ್ಷ ಯಾವ ಕ್ರೈಸ್ತನಿಗೂ ಇರಲಿಲ್ಲ. ಇದ್ದದ್ದು ಎದುರಾಳಿಗಳ ಕೈಲಿ. 303ರಲ್ಲಿ ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರ ಗ್ರಂಥಗಳನ್ನ ಸುಡಬೇಕು ಅಂತ ಆಜ್ಞೆ ಹೊರಡಿಸಿದ್ದ.

ಸೇರ್ಪಡೆಗಳೂ ಇವೆ, ಮುಚ್ಚಿಡೋದಿಲ್ಲ. ಮಾರ್ಕನ ಸುವಾರ್ತೆಯ ಕೊನೆಯ 12 ವಚನಗಳು, ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಪ್ರಸಂಗ (ಯೋಹಾನ 7:53ರಿಂದ 8:11), ಇವೆರಡೂ ಅತಿ ಹಳೆಯ ಪ್ರತಿಗಳಲ್ಲಿ ಇಲ್ಲ. ಯೋಹಾನನ ಮೊದಲ ಪತ್ರದಲ್ಲಿ ತ್ರಯೈಕ್ಯದ ಬಗ್ಗೆ ನೇರವಾಗಿ ಹೇಳುವ ಒಂದು ವಾಕ್ಯವೂ ಆಮೇಲೆ ಸೇರಿದ್ದು. ಆದ್ರೆ ಇದು ಬಯಲಾಗಿದ್ದು ಹೇಗೆ? ಹಸ್ತಪ್ರತಿಗಳನ್ನ ಹೋಲಿಸಿದ್ದರಿಂದಲೇ. ಹೋಲಿಸಿದವರಲ್ಲಿ ಬಹಳಷ್ಟು ಜನ ನಂಬುವವರೇ. ಇವತ್ತಿನ ಅನೇಕ ಬೈಬಲ್ ಆವೃತ್ತಿಗಳಲ್ಲಿ ಇವಕ್ಕೆ ಕಂಸ ಅಥವಾ ಅಡಿಟಿಪ್ಪಣಿ ಇರುತ್ತೆ. ಇವನ್ನ ತೆಗೆದಿಟ್ಟರೂ ಶಿಲುಬೆ, ಪುನರುತ್ಥಾನ, ಯೇಸುವಿನ ದೈವತ್ವ, ಯಾವ ಮುಖ್ಯ ನಂಬಿಕೆಯೂ ಬೀಳಲ್ಲ.

ಈ ಉತ್ತರ ನಿಲ್ಲೋದು ಇಲ್ಲಿ: ಪಠ್ಯ ಸರಿಯಾಗಿ ಬಂದಿದೆ ಅಂದ ಮಾತ್ರಕ್ಕೆ ಅದರಲ್ಲಿರೋದು ಸತ್ಯ ಅಂತ ಆಗಲ್ಲ. ತಪ್ಪು ರೀಡಿಂಗನ್ನೂ ಸರಿಯಾಗಿ ನಕಲು ಮಾಡಬಹುದು. ಮೊದಲ ಕ್ರೈಸ್ತರು ಏನು ಹೇಳಿದರು ಅನ್ನೋದು ನಮಗೆ ಗೊತ್ತಿದೆ, ಅಷ್ಟೇ ಇಲ್ಲಿ ಸಾಬೀತಾಗೋದು.

2. ಚಕ್ರವರ್ತಿ ಓಟು ಹಾಕಿಸಿದನಾ?

ಈ ಮಾತನ್ನ ಮನೆಮನೆಗೆ ತಲುಪಿಸಿದ್ದು ಡ್ಯಾನ್ ಬ್ರೌನ್ 2003ರಲ್ಲಿ ಬರೆದ 'ದ ಡಾ ವಿಂಚಿ ಕೋಡ್' ಕಾದಂಬರಿ, ಆಮೇಲೆ 2006ರಲ್ಲಿ ಬಂದ ಸಿನಿಮಾ. ಯೇಸು ಅಲ್ಲಿಯ ತನಕ ಬರೀ ಮನುಷ್ಯ ಅಂತ ಎಲ್ಲರೂ ತಿಳಿದಿದ್ರು, 325ರ ನೈಸಿಯಾ ಸಭೆಯಲ್ಲಿ ದೇವರಾದ, ಬೈಬಲ್ಲನ್ನ ಜೋಡಿಸಿದ್ದೂ ಕಾನ್‌ಸ್ಟಂಟೈನನೇ ಅನ್ನೋದು ಕಥೆ.

ಇದರಲ್ಲಿ ನಿಜ ಇಷ್ಟು. ಸಭೆ ಕರೆದಿದ್ದು ಚಕ್ರವರ್ತಿ ಕಾನ್‌ಸ್ಟಂಟೈನನೇ. ಸಾಮ್ರಾಜ್ಯ ಒಡೆಯಬಾರದು ಅನ್ನೋ ರಾಜಕೀಯ ಕಾರಣ ಅವನಿಗೆ ಇತ್ತು. ಒಪ್ಪದವರನ್ನ ಗಡಿಪಾರು ಮಾಡಿದ್ದೂ ನಿಜ. ಇದನ್ನೆಲ್ಲ ಹೊಗಳೋಕೆ ನಮಗೆ ಇಷ್ಟ ಇಲ್ಲ.

ಆದ್ರೆ ಜಗಳ ಬೇರೆ ವಿಷಯಕ್ಕೆ. ನೈಸಿಯಾ ಅಂದ್ರೆ ಈಗಿನ ಟರ್ಕಿಯ ಇಜ್ನಿಕ್. ಸುಮಾರು 300 ಬಿಷಪ್‌ಗಳು ಅಲ್ಲಿ ಸೇರಿದರು. ಮುಂದಿದ್ದ ಪ್ರಶ್ನೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಪಾದ್ರಿ ಏರಿಯಸ್‌ನದು. ಅವನೂ ಯೇಸುವನ್ನ ಬರೀ ಮನುಷ್ಯ ಅಂತಿರಲಿಲ್ಲ. ದೇವರು ಎಲ್ಲಕ್ಕಿಂತ ಮೊದಲು ಸೃಷ್ಟಿಸಿದ, ಎಲ್ಲಕ್ಕಿಂತ ದೊಡ್ಡ ಸೃಷ್ಟಿ ಆತ, ಆದ್ರೆ ಆತ ಇಲ್ಲದಿದ್ದ ಕಾಲ ಒಂದಿತ್ತು ಅಂತಿದ್ದ. ಎದುರಿನವರು, ಹಾಗಲ್ಲ, ಆತ ಸೃಷ್ಟಿಯೇ ಅಲ್ಲ, ತಂದೆಯದೇ ಸತ್ವ ಆತನದು ಅಂದರು. ಮನುಷ್ಯನೋ ದೇವರೋ ಅನ್ನೋದು ಅಲ್ಲಿಯ ಪ್ರಶ್ನೆ ಆಗಿರಲೇ ಇಲ್ಲ. ದೇವರು ಅಂತ ಪೂಜಿಸ್ತಿದ್ದೀವಲ್ಲ, ಯಾವ ಅರ್ಥದಲ್ಲಿ ಅನ್ನೋದು ಪ್ರಶ್ನೆ.

ಸಭೆ ಆರಿಸಿದ ಗ್ರೀಕ್ ಪದ ಹೊಮೊಊಸಿಯೋಸ್, ಅಂದ್ರೆ ಅದೇ ಸತ್ವದವನು. ಆಮೇಲಿನ ವರ್ಷಗಳಲ್ಲಿ ಕೆಲವರು ಹೊಮೊಇಊಸಿಯೋಸ್ ಅಂದರು, ಅಂಥದ್ದೇ ಸತ್ವದವನು ಅಂತ. ನಡುವೆ ಇರೋದು ಐಯೋಟಾ ಅನ್ನೋ ಒಂದೇ ಅಕ್ಷರ. ಒಂದು ಅಕ್ಷರಕ್ಕೆ ಇಷ್ಟೊಂದು ಗಲಾಟೆಯಾ ಅಂತ ನಗುವವರಿದ್ದಾರೆ. ನಾವು ಎಂಜಿನಿಯರಿಂಗ್ ಓದೋರು ನಗಬಾರದು. ಮಿಲಿವ್ಯಾಟಿಗೂ ಮೆಗಾವ್ಯಾಟಿಗೂ ಬರವಣಿಗೆಯಲ್ಲಿ ಇರೋ ವ್ಯತ್ಯಾಸ ಚಿಕ್ಕ ಎಮ್, ದೊಡ್ಡ ಎಮ್ ಅಷ್ಟೇ.

ಓಟಿನ ಮಾತು. ಕೊನೆಗೆ ಏರಿಯಸ್ ಜೊತೆ ನಿಂತು ಒಪ್ಪದೇ ಹೋದ ಬಿಷಪ್‌ಗಳು ಇಬ್ಬರು. ಕೂದಲೆಳೆಯಲ್ಲಿ ಗೆದ್ದ ಓಟೇನೂ ಅಲ್ಲ. ಬೈಬಲ್ ಜೋಡಿಸಿದ ಮಾತು. ನೈಸಿಯಾ ಸಭೆ ಒಂದು ವಿಶ್ವಾಸ ಪ್ರಮಾಣವನ್ನೂ 20 ನಿಯಮಗಳನ್ನೂ ಕೊಟ್ಟಿತು. ಅವುಗಳಲ್ಲಿ ಎಲ್ಲೂ ಪುಸ್ತಕಗಳ ಪಟ್ಟಿ ಇಲ್ಲ. ಈಗಿರೋ 27 ಪುಸ್ತಕಗಳನ್ನೇ ಹೆಸರಿಸುವ ಪಟ್ಟಿ ನಮಗೆ ಮೊದಲು ಸಿಗೋದು 367ರಲ್ಲಿ ಅಥನೇಷಿಯಸ್ ಬರೆದ ಒಂದು ಪತ್ರದಲ್ಲಿ. ನೈಸಿಯಾದಲ್ಲಿ ಪುಸ್ತಕ ಆರಿಸಿದರು ಅನ್ನೋ ದಂತಕಥೆ ಒಂಬತ್ತನೇ ಶತಮಾನದ ಒಂದು ಗ್ರಂಥದ್ದು. ಅದನ್ನ ಆಮೇಲೆ ಪ್ರಸಿದ್ಧಿ ಮಾಡಿದವನು ವೋಲ್ಟೇರ್.

ಹಾಗಾದ್ರೆ 325ಕ್ಕೆ ಮೊದಲು ಯೇಸುವನ್ನ ಪೂಜಿಸ್ತಿದ್ರು ಅನ್ನೋದಕ್ಕೆ ಸಾಕ್ಷಿ? ಸುಮಾರು 112ರಲ್ಲಿ ಪ್ಲೀನಿ ಅನ್ನೋ ರೋಮನ್ ಅಧಿಕಾರಿ ಚಕ್ರವರ್ತಿ ಟ್ರೇಜನ್‌ಗೆ ಪತ್ರ ಬರೀತಾನೆ. ಕ್ರೈಸ್ತರು ಗೊತ್ತಾದ ದಿನ ಬೆಳಗಾಗುವ ಮುಂಚೆ ಸೇರಿ, ಕ್ರಿಸ್ತನನ್ನ ದೇವರಂತೆ ಸ್ತುತಿಸಿ ಹಾಡ್ತಾರೆ ಅಂತ ಅದರಲ್ಲಿ ಹೇಳ್ತಾನೆ. ಅವನು ಕ್ರೈಸ್ತನಲ್ಲ, ಅವರನ್ನ ವಿಚಾರಣೆ ಮಾಡಿ ಶಿಕ್ಷೆ ಕೊಡ್ತಿದ್ದವನು. ಅವನು ಆಳುತ್ತಿದ್ದ ಪ್ರಾಂತದಲ್ಲೇ ನೈಸಿಯಾ ಊರು ಇದ್ದದ್ದು. ಸಭೆಗೆ ಇನ್ನೂ ಇನ್ನೂರಕ್ಕೂ ಹೆಚ್ಚು ವರ್ಷ ಇತ್ತು! ಅದಕ್ಕೂ ಹಿಂದೆ, 50ರ ದಶಕದಲ್ಲಿ, ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಎಂಟನೇ ಅಧ್ಯಾಯದಲ್ಲಿ ಒಬ್ಬನೇ ದೇವರು ಅನ್ನೋ ಯೆಹೂದ್ಯರ ಘೋಷಣೆಯ ಒಳಗೇ ಯೇಸುವಿನ ಹೆಸರನ್ನ ಇಡ್ತಾನೆ. ಅರ್ಮನ್ ಈಗ ನಂಬುವವರಲ್ಲ. ಆದ್ರೂ, ಯೇಸು ದೈವ ಅನ್ನೋ ನಂಬಿಕೆ ಶಿಷ್ಯರಲ್ಲಿ ಆತನ ಮರಣದ ನಂತರ ಬಹಳ ಬೇಗ ಹುಟ್ಟಿತು ಅಂತ 2014ರ ಪುಸ್ತಕದಲ್ಲಿ ಒಪ್ಪುತ್ತಾರೆ.

ಇನ್ನೂ ಒಂದು ವಿಷಯ ಇದೆ. 337ರಲ್ಲಿ ಸಾಯುವ ಮುಂಚೆ ಕಾನ್‌ಸ್ಟಂಟೈನನಿಗೆ ದೀಕ್ಷಾಸ್ನಾನ ಕೊಟ್ಟವನು ಏರಿಯಸ್‌ನ ಕಡೆಯ ಬಿಷಪ್. ಅವನ ಮಗ ಕಾನ್‌ಸ್ಟಾಂಷಿಯಸ್ ನೈಸಿಯಾದ ವಿರೋಧಿಗಳಿಗೇ ಬೆಂಬಲ ಕೊಟ್ಟ. ನೈಸಿಯಾದ ಪರ ನಿಂತ ಅಥನೇಷಿಯಸ್ ಐದು ಸಲ ಗಡಿಪಾರಾದ. ಕಾನ್‌ಸ್ಟಾಂಟಿನೋಪಲ್ ಸಭೆಯಲ್ಲಿ ವಿಷಯ ಇತ್ಯರ್ಥ ಆಗಿದ್ದು 381ರಲ್ಲಿ. ಅರಮನೆ ಹೇಳಿದ್ದೇ ನಡೆಯೋ ಹಾಗಿದ್ದಿದ್ರೆ ಗೆಲ್ಲಬೇಕಿದ್ದವನು ಏರಿಯಸ್.

ಈ ಉತ್ತರದ ಮಿತಿ: 'ಅದೇ ಸತ್ವ' ಅನ್ನೋ ಪದಪ್ರಯೋಗ ಬೈಬಲ್ಲಿನಲ್ಲಿ ಇಲ್ಲ, ಅದು ಸಭೆ ಆರಿಸಿದ್ದು. ನಂಬಿಕೆ ಹಳೆಯದು, ಅದನ್ನ ಹೇಳುವ ಸೂತ್ರ ಹೊಸದು. ನ್ಯೂಟನ್ ಬರೆಯೋ ಮುಂಚೆಯೂ ಹಣ್ಣು ಬೀಳ್ತಿತ್ತು ಅನ್ನೋ ಹಾಗೆ ಅಂತ ನಾವು ಹೇಳ್ತೀವಿ. ನೀವು ಒಪ್ಪದೇ ಇರಬಹುದು. ಆದ್ರೆ 325ರಲ್ಲಿ ಹೊಸ ದೇವರನ್ನ ತಯಾರಿಸಿದರು ಅನ್ನೋದು ಇನ್ನು ಮೇಲೆ ಬೇಡ.

3. ಒಳ್ಳೇ ಗುರು ಅಂದ್ರೆ ಸಾಲದಾ?

ಈ ಆಕ್ಷೇಪದ ಬಹಳ ದೊಡ್ಡ ವಕೀಲ ನಮ್ಮ ದೇಶದವರೇ. 1820ರಲ್ಲಿ ಕಲ್ಕತ್ತಾದಲ್ಲಿ ರಾಮಮೋಹನ ರಾಯರು ಯೇಸುವಿನ ಉಪದೇಶಗಳನ್ನ ಸುವಾರ್ತೆಗಳಿಂದ ಆರಿಸಿ ಒಂದು ಪುಸ್ತಕ ಮಾಡಿದರು. ನೀತಿ ಉಳಿಸಿಕೊಂಡು, ಪವಾಡಗಳನ್ನೂ ಸಿದ್ಧಾಂತಗಳನ್ನೂ ಬಿಟ್ಟರು. ಸುಮಾರು ಅದೇ ಹೊತ್ತಿಗೆ ಅಮೆರಿಕದಲ್ಲಿ ಥಾಮಸ್ ಜೆಫರ್ಸನ್ ಬ್ಲೇಡು ಹಿಡಿದು ಸುವಾರ್ತೆಗಳನ್ನ ಕತ್ತರಿಸಿ ಅಂಟಿಸಿ ಅಂಥದ್ದೇ ಒಂದು ಪುಸ್ತಕ ಮಾಡಿಕೊಂಡಿದ್ದರು. ಶ್ರೀರಾಮಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ರಾಯರ ಪುಸ್ತಕವನ್ನ ಆಕ್ಷೇಪಿಸಿದರು. ರಾಯರು ಗ್ರೀಕ್, ಹೀಬ್ರೂ ಆಧಾರಗಳನ್ನೇ ಹಿಡಿದು, 1820ರಿಂದ 1823ರ ಒಳಗೆ ಮೂರು ಉತ್ತರಗಳನ್ನ ಅಚ್ಚು ಹಾಕಿಸಿದರು. ಮೂರನೆಯದನ್ನ ಮಿಷನ್ನಿನ ಮುದ್ರಣಾಲಯ ಅಚ್ಚು ಹಾಕಲ್ಲ ಅಂದಾಗ ತಮ್ಮದೇ ಮುದ್ರಣಾಲಯ ಮಾಡಿಕೊಂಡರು. ವಿಲಿಯಂ ಆಡಂ ಅನ್ನೋ ಮಿಷನರಿ 1821ರಲ್ಲಿ ರಾಯರ ಕಡೆಗೇ ಬಂದುಬಿಟ್ಟ!

ರಾಯರ ಮಾತಿನಲ್ಲಿ ಒಪ್ಪಬೇಕಾದ್ದು ಇದೆ. ಶತ್ರುವನ್ನ ಪ್ರೀತಿಸಿ ಅನ್ನೋ ಉಪದೇಶವನ್ನ ಬದಿಗಿಟ್ಟು ತ್ರಯೈಕ್ಯದ ಲೆಕ್ಕ ಮಾತ್ರ ಒಪ್ಪಿಸುವ ಕ್ರೈಸ್ತರನ್ನ ನಾವೂ ನೋಡಿದ್ದೀವಿ. ಮುದ್ರಣಾಲಯ ನಿರಾಕರಿಸಿದ್ದು ಒಂದು ವಾದಕ್ಕೆ ಉತ್ತರವೂ ಅಲ್ಲ.

ಆದ್ರೆ ಉಪದೇಶವನ್ನ ಉಪದೇಶಕನಿಂದ ಬಿಡಿಸೋದು ಅಷ್ಟು ಸುಲಭ ಇಲ್ಲ. ನಾಲ್ಕು ಸುವಾರ್ತೆಗಳಲ್ಲಿ ಹಳೆಯದು ಮಾರ್ಕನದು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅದರ ಎರಡನೇ ಅಧ್ಯಾಯದಲ್ಲೇ ಒಬ್ಬ ಪಾರ್ಶ್ವವಾಯು ರೋಗಿಯನ್ನ ಮಾಳಿಗೆ ತೆಗೆದು ಕೆಳಗಿಳಿಸ್ತಾರೆ. ಯೇಸು ಅವನಿಗೆ ಪಾಪಗಳು ಕ್ಷಮಿಸಲ್ಪಟ್ಟಿವೆ ಅಂತಾನೆ. ಕೂತಿದ್ದ ಶಾಸ್ತ್ರಿಗಳು, ಇದು ದೇವರೊಬ್ಬನೇ ಮಾಡಬಹುದಾದ ಕೆಲಸ ಅಂತ ಸಿಟ್ಟಾಗ್ತಾರೆ. ನನಗೆ ಹೊಡೆದವನನ್ನ ನಾನು ಕ್ಷಮಿಸಬಹುದು. ನಿಮಗೆ ಹೊಡೆದವನನ್ನ ಕ್ಷಮಿಸೋಕೆ ನಾನು ಯಾರು? ಸಿ.ಎಸ್. ಲೂಯಿಸ್ ಎರಡನೇ ಮಹಾಯುದ್ಧದ ಕಾಲದಲ್ಲಿ ಬಿಬಿಸಿ ರೇಡಿಯೋದಲ್ಲಿ ಇದನ್ನೇ ಹಿಡಿದು ವಾದ ಮಾಡಿದ್ದರು. ಇಂಥ ಮಾತಾಡೋನು ಹುಚ್ಚನಿರಬೇಕು, ಇಲ್ಲಾ ಸುಳ್ಳನಿರಬೇಕು, ಇಲ್ಲಾ ಹೇಳಿದ್ದು ನಿಜ ಇರಬೇಕು. ಬರೀ ಒಳ್ಳೇ ಗುರು ಅನ್ನೋ ಆಯ್ಕೆ ಉಳಿಯಲ್ಲ ಅನ್ನೋದು ಅವರ ವಾದ.

ಲೂಯಿಸ್ ವಾದದಲ್ಲೂ ಒಂದು ಕಿಂಡಿ ಇದೆ. ಯೇಸು ಹಾಗೆ ಹೇಳಲೇ ಇಲ್ಲ, ಶಿಷ್ಯರು ಆಮೇಲೆ ಸೇರಿಸಿದರು ಅನ್ನೋ ನಾಲ್ಕನೇ ದಾರಿ. ಅರ್ಮನ್ ಹಿಡಿಯೋದು ಅದನ್ನೇ. ಇದಕ್ಕೆ ನಮ್ಮ ಉತ್ತರ ಎರಡು. ಮೇಲೆ ಹೇಳಿದ ಕಾಲದ ಲೆಕ್ಕದಲ್ಲಿ ಕಥೆ ಬೆಳೆಯೋಕೆ ಸಿಗುವ ಸಮಯ ಬಹಳ ಕಡಿಮೆ. ಇನ್ನೊಂದು, ಶಿಲುಬೆ. ಪಿಲಾತನ ಆಡಳಿತದಲ್ಲಿ ಕ್ರಿಸ್ತನಿಗೆ ಮರಣದಂಡನೆ ಆಯ್ತು ಅಂತ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಎರಡನೇ ಶತಮಾನದ ಆರಂಭದಲ್ಲಿ ಬರೆದಿದ್ದಾನೆ. ನಂಬದ ಇತಿಹಾಸಕಾರರಲ್ಲೂ ಬಹುತೇಕರು ಶಿಲುಬೆಯನ್ನ ಒಪ್ಪುತ್ತಾರೆ. ಅಕ್ಕಪಕ್ಕದವರನ್ನ ಪ್ರೀತಿಸಿ ಅಂತ ಹೇಳಿಕೊಂಡು ತಿರುಗೋ ಸಾಧು ಮನುಷ್ಯನನ್ನ ರೋಮ್ ಶಿಲುಬೆಗೆ ಏರಿಸ್ತಿರಲಿಲ್ಲ. ಆತ ತನ್ನ ಬಗ್ಗೆ ಏನೋ ದೊಡ್ಡದನ್ನ ಹೇಳಿಕೊಂಡಿದ್ದ, ಅಥವಾ ಹಾಗಂತ ಜನ ತಿಳಿದಿದ್ದರು. ಕಿಂಡಿ ಪೂರ್ತಿ ಮುಚ್ಚಿತು ಅಂತ ನಾವು ಹೇಳಲ್ಲ. ಕಿರಿದಾಯ್ತು.

4. ಸತ್ತವರು ಎದ್ದು ಬರ್ತಾರಾ?

ಇದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. 1748ರಲ್ಲಿ ಡೇವಿಡ್ ಹ್ಯೂಮ್ ಇದನ್ನ ಚೆನ್ನಾಗಿ ಕಟ್ಟಿದ. ಪ್ರಕೃತಿಯ ನಿಯಮದ ಹಿಂದೆ ಎಲ್ಲ ಮನುಷ್ಯರ ಒಂದೇ ತೆರನಾದ ಅನುಭವ ಇದೆ. ಪವಾಡದ ಹಿಂದೆ ಕೆಲವರ ಮಾತು ಇದೆ. ಆ ಕೆಲವರು ಮೋಸಹೋಗಿರೋ ಅಥವಾ ಸುಳ್ಳು ಹೇಳಿರೋ ಸಂಭವವೇ ಯಾವಾಗಲೂ ಹೆಚ್ಚು.

ಉತ್ತರ ಕೊಟ್ಟವರನ್ನ ನೋಡಿದ್ರೆ ನಿಮಗೆ ಆಶ್ಚರ್ಯ ಆಗಬಹುದು. ನಮ್ಮ ಪ್ರಾಬಬಿಲಿಟಿ ಯೂನಿಟ್ಟಿನಲ್ಲಿ ಬರೋ ಬೇಯ್ಸ್ ಥಿಯರಮ್ಮಿನ ಥಾಮಸ್ ಬೇಯ್ಸ್ ಒಬ್ಬ ಪಾದ್ರಿ. 1761ರಲ್ಲಿ ತೀರಿಕೊಂಡ. ಅವನ ಬರಹವನ್ನ 1763ರಲ್ಲಿ ಪ್ರಕಟಣೆಗೆ ಕೊಟ್ಟವನು ಗೆಳೆಯ ರಿಚರ್ಡ್ ಪ್ರೈಸ್, ಅವನೂ ಪಾದ್ರಿ. ಅದೇ ಪ್ರೈಸ್ 1767ರಲ್ಲಿ ಸಂಭವನೀಯತೆಯ ಲೆಕ್ಕ ಹಿಡಿದು ಹ್ಯೂಮ್‌ಗೆ ಉತ್ತರ ಬರೆದ. ಆಮೇಲೆ 1837ರಲ್ಲಿ ಕಂಪ್ಯೂಟರಿನ ಪಿತಾಮಹ ಅನ್ನಿಸಿಕೊಂಡ ಚಾರ್ಲ್ಸ್ ಬ್ಯಾಬೇಜ್ ಕೂಡ ಇದೇ ವಿಷಯಕ್ಕೆ ಒಂದು ಪುಸ್ತಕ ಬರೆದ.

ಲೆಕ್ಕವನ್ನ ನಮ್ಮ ಅಂಕಿಗಳಲ್ಲಿ ಹೇಳ್ತೀವಿ. ಒಂದು ಘಟನೆ ನಡೆದಿರೋ ಸಂಭವ ಮೊದಲಿಗೆ 10 ಲಕ್ಷಕ್ಕೆ 1 ಅಂದುಕೊಳ್ಳಿ. ಒಬ್ಬ ಸಾಕ್ಷಿ, ಘಟನೆ ನಿಜವಾಗಿದ್ರೆ ಹಾಗೆ ಹೇಳೋ ಸಾಧ್ಯತೆ, ಸುಳ್ಳಾಗಿದ್ರೆ ಹೇಳೋ ಸಾಧ್ಯತೆಯ ಹತ್ತರಷ್ಟು ಇರಲಿ. ಒಬ್ಬನಿಂದ ಏನೂ ಆಗಲ್ಲ. ಆದ್ರೆ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಆರು ಸಾಕ್ಷಿಗಳಿದ್ರೆ 10ನ್ನ ಆರು ಸಲ ಗುಣಿಸಿ: 10 ಲಕ್ಷ. ಈಗ ಸಮ ಸಮ. ಏಳನೆಯವನು ಬಂದರೆ 10ಕ್ಕೆ 1 ಘಟನೆಯ ಪರ. ಅಂದ್ರೆ ಅಪರೂಪದ ಘಟನೆಗೆ ಯಾವ ಸಾಕ್ಷಿಯೂ ಸಾಲದು ಅನ್ನೋ ಮಾತು ಗಣಿತದಲ್ಲಿ ನಿಲ್ಲಲ್ಲ.

ಬ್ಯಾಬೇಜ್ ತನ್ನ ಲೆಕ್ಕದ ಯಂತ್ರವನ್ನೇ ಉದಾಹರಣೆ ಕೊಟ್ಟ. ಯಂತ್ರ 1, 2, 3 ಅಂತ ಹತ್ತು ಕೋಟಿ ದಾಟುವ ತನಕ ಎಣಿಸುತ್ತೆ. ನೋಡ್ತಾ ಕೂತವನು ನಿಯಮ ಇದೇ, ಬದಲಾಗಲ್ಲ ಅಂತ ಹೇಳಿಯಾನು. ಮುಂದಿನ ಅಂಕಿ ಇದ್ದಕ್ಕಿದ್ದ ಹಾಗೆ ಜಿಗಿಯುತ್ತೆ. ಯಂತ್ರ ಕೆಟ್ಟಿಲ್ಲ. ಮಾಡಿದವನು ಮೊದಲೇ ಹಾಗೆ ಇಟ್ಟಿದ್ದ.

ಈಗ ಒಪ್ಪಬೇಕಾದ್ದು. ಆ ಗುಣಾಕಾರ ಸರಿಹೋಗೋದು ಸಾಕ್ಷಿಗಳು ಸ್ವತಂತ್ರವಾಗಿದ್ರೆ ಮಾತ್ರ. ಮತ್ತಾಯ, ಲೂಕ ಇಬ್ಬರೂ ಮಾರ್ಕನನ್ನ ಬಳಸಿಕೊಂಡಿದ್ದಾರೆ ಅಂತ ಹೆಚ್ಚಿನ ವಿದ್ವಾಂಸರು ಹೇಳ್ತಾರೆ. ಆದ್ದರಿಂದ ನಾಲ್ಕು ಸುವಾರ್ತೆ ಅಂದ್ರೆ ನಾಲ್ಕು ಬೇರೆ ಬೇರೆ ಸಾಕ್ಷಿ ಅಂತ ಲೆಕ್ಕ ಹಾಕೋ ಹಾಗಿಲ್ಲ. ಬ್ಯಾಬೇಜನ ಯಂತ್ರವೂ ಪವಾಡ ಸಾಧ್ಯ ಅನ್ನುತ್ತೆ ಹೊರತು ನಡೆದಿದೆ ಅನ್ನಲ್ಲ.

ಹಾಗಾದ್ರೆ ಕೈಯಲ್ಲಿ ಏನಿದೆ? ಸುಮಾರು 55ರಲ್ಲಿ ಬರೆದ ಕೊರಿಂಥದ ಪತ್ರದ 15ನೇ ಅಧ್ಯಾಯದಲ್ಲಿ ಪೌಲ ಎದ್ದುಬಂದ ಯೇಸುವನ್ನ ಕಂಡವರ ಪಟ್ಟಿ ಕೊಡ್ತಾನೆ. ಅದು ತನಗೂ ಬೇರೆಯವರಿಂದ ಬಂದಿದ್ದು ಅಂತಾನೆ. ಅಂದ್ರೆ ಪಟ್ಟಿ ಪತ್ರಕ್ಕಿಂತ ಹಳೆಯದು. ಪೌಲ ಮೊದಲು ಕ್ರೈಸ್ತರನ್ನ ಹಿಂಸಿಸ್ತಿದ್ದವನು. ಆಮೇಲೆ ಜೆರುಸಲೇಮಿಗೆ ಹೋಗಿ ಪೇತ್ರನನ್ನೂ ಯೇಸುವಿನ ತಮ್ಮ ಯಾಕೋಬನನ್ನೂ ಖುದ್ದಾಗಿ ಭೇಟಿ ಮಾಡಿದ್ದನ್ನ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಹೇಳ್ತಾನೆ. ನಾಲ್ಕೂ ಸುವಾರ್ತೆಗಳಲ್ಲಿ ಸಮಾಧಿಗೆ ಮೊದಲು ಹೋದವರು ಹೆಂಗಸರು. ಹೆಂಗಸರ ಸಾಕ್ಷಿಗೆ ಬೆಲೆ ಕಡಿಮೆ ಇದ್ದ ಸಮಾಜದಲ್ಲಿ ಕಥೆ ಕಟ್ಟೋನು ಹೀಗೆ ಕಟ್ಟೋದು ಕಷ್ಟ.

ಇವು ಶಿಷ್ಯರು ಮನಸಾರೆ ನಂಬಿದ್ದರು ಅನ್ನೋದಕ್ಕೆ ಒಳ್ಳೇ ಸಾಕ್ಷಿ. ಭ್ರಮೆಯಾಗಿತ್ತು ಅಂತ ವಿವರಿಸುವವರೂ ಇದ್ದಾರೆ. ತೀರ್ಮಾನ ನಿಲ್ಲೋದು ಲೆಕ್ಕದ ಮೊದಲ ಅಂಕಿಯ ಮೇಲೆ. ದೇವರು ಇಲ್ಲವೇ ಇಲ್ಲ ಅನ್ನೋರಿಗೆ ಅದು ಹೆಚ್ಚುಕಡಿಮೆ ಸೊನ್ನೆ. ಇರಬಹುದು ಅನ್ನೋರಿಗೆ ಅದು ಸೊನ್ನೆ ಅಲ್ಲ. ನಾವು ಎರಡನೇ ಗುಂಪಿನವರು. ಅಲ್ಲಿಂದ ಮುಂದಕ್ಕೆ ಲೆಕ್ಕವೊಂದೇ ನಮ್ಮನ್ನ ಕರೆದುಕೊಂಡು ಹೋಗಲ್ಲ, ಪ್ರಾರ್ಥನೆಯೂ ಬದುಕೂ ಸೇರಿಕೊಳ್ಳುತ್ತವೆ. ಆದ್ರೆ ಅಲ್ಲಿಯ ತನಕ ಕಣ್ಣು ಮುಚ್ಚಿಕೊಂಡು ಬಂದಿಲ್ಲ.

ನಮ್ಮ ಕಡೆಯ ಫಾರ್ವರ್ಡುಗಳು

ಇಷ್ಟು ಹೇಳಿ ನಮ್ಮ ಮನೆಯ ಕಸ ಗುಡಿಸದಿದ್ರೆ ತಪ್ಪಾಗುತ್ತೆ. ಯೆಹೋಶುವನ ಪುಸ್ತಕದಲ್ಲಿ ಸೂರ್ಯ ನಿಂತ ದಿನವನ್ನ ನಾಸಾ ಕಂಪ್ಯೂಟರು ಪತ್ತೆ ಮಾಡಿತು ಅನ್ನೋ ಮೆಸೇಜು ಚರ್ಚ್ ಗ್ರೂಪುಗಳಲ್ಲಿ ಸುತ್ತುತ್ತೆ. ಅದು ಸುಳ್ಳು. ಡಾರ್ವಿನ್ ಸಾಯುವಾಗ ತನ್ನ ಸಿದ್ಧಾಂತ ಬಿಟ್ಟು ಕ್ರಿಸ್ತನನ್ನ ನಂಬಿದ ಅನ್ನೋ ಕಥೆ 1915ರಲ್ಲಿ ಅಚ್ಚಾಯ್ತು. ಅವನ ಮಗಳು ಹೆನ್ರಿಯೆಟಾ 1922ರಲ್ಲಿ ಅದನ್ನ ನಿರಾಕರಿಸಿದಳು. ಸತ್ಯವನ್ನ ಕಾಪಾಡ್ತೀವಿ ಅಂತ ಸುಳ್ಳನ್ನ ಫಾರ್ವರ್ಡ್ ಮಾಡಿದ್ರೆ, ನಮ್ಮ ನಿಜವಾದ ಮಾತನ್ನೂ ಯಾರೂ ಕೇಳಲ್ಲ.

ಹಾಗಾಗಿ ಎರಡೂ ಕಡೆಯವರಿಗೆ ಒಂದೇ ಕೋರಿಕೆ. ಒಂದು ಮಾತು ಕಿವಿಗೆ ಬಿದ್ದ ಕೂಡಲೇ ಕೇಳಿ: ಇದು ಯಾವ ಕಾಲದ್ದು? ಮೊದಲು ಹೇಳಿದವರು ಯಾರು? ಹಸ್ತಪ್ರತಿಯಲ್ಲಿ ಏನಿದೆ? ಚರ್ಚಿಗೆ ಹೋಗೋ ತಮ್ಮ ತಂಗಿಯರಿಗೆ ಇನ್ನೊಂದು ಮಾತು: ಪ್ರಶ್ನೆ ಬಂತು ಅಂತ ಹೆದರಬೇಡಿ. ಮಿಲ್ 30,000 ವ್ಯತ್ಯಾಸಗಳನ್ನ ಬಚ್ಚಿಡದೆ ಅಚ್ಚು ಹಾಕಿದ. ಅವನೂ ಒಬ್ಬ ಪಾದ್ರಿಯೇ. ಇದರಲ್ಲಿ ಯಾವುದನ್ನಾದ್ರೂ ಒಪ್ಪದವರು ದಯವಿಟ್ಟು ಮುಂದಿನ ಸಂಚಿಕೆಗೆ ಬರೀರಿ. ಓದಿ ಉತ್ತರ ಕೊಡ್ತೀವಿ.